ಹನ್ನೊಂದನೇ ನಂಬರಿನ ಬಸ್ಸಿನಿಂದ

ಮಾನ್ಯರೇ,
ಒಂದೇ ಪುಟ ಬರಿ, ಅಕ್ಷರ ದುಂಡಗಿರಲಿ,
ಅಂಕದ ಸುದ್ದಿ ಮಾತ್ರ ಎತ್ತಬೇಡ
ಎಂದಿದ್ದಾರೆ ಶಾಲೆಯ ಮಿಸೆಸ್ ಪಿನೆಟ್.
ಈಗೀಗ ಕೆಲವು ಕಾಲೇಜು ಅದನ್ನು ಕೇಳುವುದೇ ಇಲ್ಲವಂತೆ,
ಕೇಳದವರಿಗೆ ನಾವಾಗಿ ಹೇಳಬಾರದಂತೆ.
ಎತ್ತಿಯೇ ಬಿಟ್ಟೆ, ನೋಡಿ.
ಮೊದಲ ಹಾಳೆ ಅಲ್ಲಿಗೆ ಹಾಳು.

ಇದು ಎರಡನೆಯದು.
ನಾನು ಗಿಲ್ಬರ್ಟ್ ಸೂಸಿ. ಮೇನ್ ರಾಜ್ಯದ ತುತ್ತತುದಿ,
ಹೊಳೆ ದಾಟಿದರೆ ಕೆನಡಾ.
ಇಪ್ಪತ್ತಾರು ವರ್ಷದಿಂದ ಶಾಲೆಯ ಬಸ್ಸು ನನ್ನ ಕೈಯಲ್ಲಿದೆ.
ಕೆಮಿಸ್ಟ್ರಿ ಮೇಷ್ಟರು ಬರೆದಾಗಿದೆ, ಚರ್ಚಿನ ಪಾದ್ರಿಗಳೂ ಬರೆದಾರು,
ಡ್ರೈವರ್ ಯಾಕೆ ಅನ್ನುತ್ತೀರಿ. ನಾನೂ ಅದನ್ನೇ ಕೇಳಿದೆ.
"ನಿಮ್ಮ ಕನ್ನಡಿಯಲ್ಲಿ ಇಡೀ ಬಸ್ಸು ಕಾಣುತ್ತಲ್ಲ" ಅಂದಳು ಹುಡುಗಿ.

ಕೊರಿನ್ ಥೆರಿಯೊ. ಈಗ ಎಲ್ಲರಿಗಿಂತ ಮೊದಲು ಹತ್ತುವವಳು,
ಎಲ್ಲರೂ ಇಳಿದ ಮೇಲೆ ಇಳಿಯುವವಳು.
ಜನವರಿಯಲ್ಲಿ ಆ ಹೊತ್ತಿಗೆ ಡೀಸೆಲ್ಲೂ ಗಂಜಿಯಾಗುತ್ತದೆ.
ಎರಡನೇ ಸೀಟು, ತೊಡೆಯ ಮೇಲೆ ಆ ದಪ್ಪ ಪುಸ್ತಕ,
ಲೈಬ್ರರಿಯದು, ಮಾದರಿ ಪ್ರಶ್ನೆಗಳದು.
ಹಿಂದೆ ಓದಿದವರಾರೋ ಪೆನ್ಸಿಲಿನಲ್ಲಿ ಉತ್ತರ ಗುರುತಿಸಿದ್ದರು,
ಅರ್ಧಕ್ಕರ್ಧ ತಪ್ಪು. ಮೊದಲು ಅದನ್ನು ಅಳಿಸಬೇಕು,
ಆಮೇಲೆ ಯೋಚಿಸಬೇಕು, ಅಷ್ಟರಲ್ಲಿ
ಮಿಶೋ ಅವರ ತಿರುವು ಬಂದು ಮೂರು ಮಕ್ಕಳು ಹತ್ತುತ್ತವೆ,
ಒಂದಕ್ಕೆ ಲೇಸು ಕಟ್ಟಬೇಕು, ಒಂದಕ್ಕೆ ಮೂಗು ಒರೆಸಬೇಕು.
ಮೂರನೆಯದು, ಎಮಿಲ್, ಯಾರೊಂದಿಗೂ ಮಾತಾಡದು.
ಅದರ ಪಕ್ಕ ಸುಮ್ಮನೆ ಕೂರಬೇಕು.

ಪರೀಕ್ಷೆಗೆ ಎರಡು ಸಲ ಕೂತಳು.
ಎರಡನೇ ಸಲ ಇಪ್ಪತ್ತು ಕಮ್ಮಿಯೇ ಬಂತು.
(ಈ ಸಾಲನ್ನು ಮಿಸೆಸ್ ಪಿನೆಟ್ ಹೊಡೆದುಹಾಕುತ್ತಾರೆ.)

ನಮ್ಮಲ್ಲಿ ಆಲೂಗಡ್ಡೆ ಕೀಳುವ ಕಾಲಕ್ಕೆ ಶಾಲೆಗೆ ಮೂರು ವಾರ ರಜೆ.
ಯಂತ್ರದ ಮೇಲೆ ನಿಂತು, ಓಡುವ ಬೆಲ್ಟಿನಿಂದ
ಕಲ್ಲು ಹೆಕ್ಕಿ ಎಸೆಯುವ ಕೆಲಸ ಅವಳದು.
ಮಣ್ಣು ಮೆತ್ತಿದರೆ ಕಲ್ಲೂ ಗೆಡ್ಡೆಯೂ ಒಂದೇ ಬಣ್ಣ,
ಸದ್ದಿನಿಂದ ಗೊತ್ತಾಗುತ್ತದೆ ಅನ್ನುತ್ತಾಳೆ.
ಕೆಲಸ ಮುಗಿದ ಮರುದಿನ, ಶನಿವಾರ, ಪರೀಕ್ಷೆ.
ನಾಲ್ಕರಲ್ಲಿ ಒಂದನ್ನು ಆರಿಸು ಅಂದರೆ
ಕಣ್ಣ ಮುಂದೆ ಸಾಲುಗಳು ಬೆಲ್ಟಿನ ಹಾಗೆ ಓಡಿದವಂತೆ,
ಸದ್ದಿಲ್ಲದೆ.

ನಾನು ಬರೆಯಬೇಕೆಂದದ್ದು ಇದಲ್ಲ.
ಹೋದ ಫೆಬ್ರವರಿ, ಗಾಜಿಗೆ ಹಬೆ ಕಟ್ಟಿತ್ತು.
ಬೆರಳಲ್ಲಿ ನಮ್ಮ ದಾರಿ ಬರೆದಳು: ಹೊಳೆ, ಸೇತುವೆ,
ಹತ್ತೊಂಬತ್ತು ಮನೆಗೆ ಹತ್ತೊಂಬತ್ತು ಚುಕ್ಕೆ.
"ಗಿಲ್ಬರ್ಟ್, ಇಪ್ಪತ್ತಾರು ವರ್ಷದಿಂದ ನೀವು
ತಿರುಗಾಮುರುಗಾ ಹೋಗುತ್ತಿದ್ದೀರಿ.
ಗುಡ್ಡದ ಕಡೆಯಿಂದ ಶುರುಮಾಡಿದರೆ
ಚಿಕ್ಕವರಿಗೆಲ್ಲ ಹದಿನಾಲ್ಕು ನಿಮಿಷ ಹೆಚ್ಚು ನಿದ್ದೆ."
ಗಡಿಯಾರ ಹಿಡಿದು ನೋಡಿದೆ. ಹದಿನಾಲ್ಕೇ.
ಯಾವ ಲೆಕ್ಕದಲ್ಲೂ ಯಾರೋ ಒಬ್ಬರು ಕಳಕೊಳ್ಳಲೇಬೇಕಲ್ಲ,
ಅದು ಯಾರೆಂದು ಕೇಳುವುದು ನನಗೆ ಹೊಳೆಯಲಿಲ್ಲ.
ಮಾರನೆಯ ದಿನ ಐದೂಕಾಲಿಗೆ, ಗುಡ್ಡದ ತಿರುವಿನಲ್ಲಿ,
ಟಾರ್ಚು ಹಿಡಿದು ನಿಂತಿದ್ದಳು.

ಸುಳ್ಳು ಬರೆಯಲಾರೆ. ಅವಳು ನಿಧಾನ.
ಕುಲೆಟ್ ಹುಡುಗನ ಟೋಪಿಯನ್ನು ಒಮ್ಮೆ
ಕಿಟಕಿಯಿಂದ ಎಸೆದದ್ದೂ ಉಂಟು.
ಕಾರಣ ಇತ್ತು; ಆದರೂ ಎಸೆದಳು.
ನಿಮ್ಮ ಅರ್ಜಿಯಲ್ಲಿ ಇದಕ್ಕೆಲ್ಲ
ಯಾವ ಚೌಕ ಇದೆಯೋ ನಾನರಿಯೆ.

ಎಮಿಲ್ ಈಗ ಗಾಜಿನ ಮೇಲೆ ಚುಕ್ಕೆ ಇಡುತ್ತದೆ, ದಿನಾಲೂ,
ಹತ್ತೊಂಬತ್ತು ಮುಗಿಸಿ ಇಪ್ಪತ್ತನೆಯದನ್ನು
ಗಾಜು ದಾಟಿ, ಕಿಟಕಿಯ ತಗಡಿನ ಮೇಲೆ.
ಅದು ಅವಳ ಕಾಲೇಜಂತೆ.
ಹಾಗಂತ ಕೊರಿನ್ ಹೇಳಿದ್ದು. ಹುಡುಗ ಇನ್ನೂ ಬಾಯಿ ಬಿಟ್ಟಿಲ್ಲ.
ತಗಡಿನ ಮೇಲೆ ಚುಕ್ಕೆ ಮೂಡುವುದಿಲ್ಲ,
ಆದರೂ ನಾನು ಆ ಜಾಗ ಒರೆಸದೆ ಬಿಡುತ್ತೇನೆ.

ಸಹಿಯ ಕೆಳಗೆ ಹುದ್ದೆ ಬರೆಯಬೇಕಂತೆ:
ಗಿಲ್ಬರ್ಟ್ ಸೂಸಿ, ಬಸ್ಸು ನಂಬರ್ ಹನ್ನೊಂದು.
ಪುಟ ಎರಡಾಯಿತು. ಮಿಸೆಸ್ ಪಿನೆಟ್ ಕ್ಷಮಿಸಲಿ.